ಸುದ್ದಿಯ ಸನದ್ ಕೇಳೋಣ, ಗುಮಾನಿ ಬಿಡೋಣ

(ಜುಮಾ ಪ್ರವಚನದ ಸಾರಾಂಶ)

ಅಲ್ಲಾಹನಿಗೆ ಸ್ತುತಿ. ಪ್ರವಾದಿವರ್ಯರಾದ ಮುಹಮ್ಮದ್(ಸ)ರ ಮೇಲೂ ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೂ ಅಲ್ಲಾಹನ ಕೃಪೆ, ಶಾಂತಿ ಇರಲಿ.

ಪ್ರಿಯ ಸಹೋದರರೇ, ಮೇಲಿನ ಮಹಡಿಯಲ್ಲಿ ಕುಳಿತು ಕೇಳುತ್ತಿರುವ ತಾಯಂದಿರೇ, ಸಹೋದರಿಯರೇ, ನಾವೆಲ್ಲರೂ ಅಲ್ಲಾಹನನ್ನು ಭಯಪಡೋಣ. ತಖ್ವಾ ಎಂಬುದು ನಮಾಝಿನ ಸಫ್‌ನಲ್ಲಿ ಮಾತ್ರ ಇರಬೇಕಾದ ಗುಣವಲ್ಲ. ಬೆಳಿಗ್ಗೆ ಪತ್ರಿಕೆ ಬಿಡಿಸುವಾಗಲೂ ರಾತ್ರಿ ಮೊಬೈಲ್‌ಗೆ ಬಂದದ್ದನ್ನು ಇನ್ನೊಬ್ಬರಿಗೆ ಕಳುಹಿಸುವಾಗಲೂ ಅದು ನಮ್ಮ ಜೊತೆಗಿರಬೇಕು. ಇಂದು ಆ ಬಗ್ಗೆ ನಾಲ್ಕು ಮಾತು. ಅದಕ್ಕೂ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಿದೆ.

ಹೋದ ವರ್ಷ ಒಂದು ದಿನ ಇಶಾ ನಮಾಝ್ ಮುಗಿದ ಮೇಲೆ ನಮ್ಮ ಜಮಾಅತಿನ ನಾಲ್ಕೈದು ಯುವಕರು ನಮ್ಮ ಕೋಣೆಗೆ ಬಂದರು. ಒಬ್ಬನ ಕೈಯಲ್ಲಿ ಅಂದಿನ ಪತ್ರಿಕೆ. ಮುಖಪುಟದ ತುಂಬ ಕೆಂಪು ಶಾಯಿಯ ಗೆರೆಗಳು. ಮೇಲ್ಭಾಗದಲ್ಲಿ ಹಬ್ಬದ ಸಿದ್ಧತೆಯ ಸುದ್ದಿ, ಅದರೊಂದಿಗೆ ಒಂದು ಮಸೀದಿಯ ಚಿತ್ರ. ಅದಕ್ಕೆ ತಾಗಿಕೊಂಡಂತೆ ಬಲಕ್ಕೆ ದರೋಡೆಕೋರರ ಬಂಧನದ ಸುದ್ದಿ. “ಉಸ್ತಾದ್, ಎರಡನ್ನೂ ಪಕ್ಕಪಕ್ಕ ಇಟ್ಟಿದ್ದಾರೆ, ಇದು ಸುಮ್ಮನೆ ಆದದ್ದಲ್ಲ” ಎಂದ ಒಬ್ಬ. ಇನ್ನೊಬ್ಬ ನಾಲ್ಕು ತಲೆಬರಹಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದರಲ್ಲೊಂದು ಬೈಗುಳವನ್ನು ಕಂಡುಹಿಡಿದಿದ್ದ. “ಪತ್ರಿಕೆ ಯಾರದ್ದು ಎಂದು ಗೊತ್ತಲ್ಲ ಉಸ್ತಾದ್, ದೊಡ್ಡ ಕಂಪೆನಿಯವರದ್ದು. ಅವರು ಒಂದು ಚುಕ್ಕೆಯನ್ನೂ ಲೆಕ್ಕ ಹಾಕದೆ ಇಡುವುದಿಲ್ಲ” ಎಂದ ಮೂರನೆಯವ.

ಆಗ ನಾವು ಕೇಳಬೇಕಾದ ಪ್ರಶ್ನೆಗಳನ್ನು ಕೇಳಲಿಲ್ಲ. ಸಿಟ್ಟು ಬಂತು. ಆ ವಾರದ ಜುಮಾದಲ್ಲಿ ಇದೇ ಮಿಂಬರಿನಿಂದ, ಪತ್ರಿಕೆಯ ಹೆಸರು ಹೇಳದೆ, ಆದರೆ ಎಲ್ಲರಿಗೂ ಅರ್ಥವಾಗುವಂತೆ, ಇಂಥದ್ದು ನಮ್ಮ ಮನೆಗಳಿಗೆ ಬರಬೇಕೇ ಎಂದು ಯೋಚಿಸಿ ಎಂದೆವು. ನೀವು ಯೋಚಿಸಿದಿರಿ. ಆ ತಿಂಗಳ ಕೊನೆಗೆ ನಮ್ಮ ಎರಡು ಓಣಿಗಳಲ್ಲಿ ಹೆಚ್ಚಿನ ಮನೆಗಳು ಪತ್ರಿಕೆ ನಿಲ್ಲಿಸಿದವು.

ಫಜ್ರ್ ಮುಗಿಸಿ ಸೈಕಲ್ ಹತ್ತಿ ಆ ಪತ್ರಿಕೆಯನ್ನು ಹಾಕುತ್ತಿದ್ದವನು ನಮ್ಮದೇ ಜಮಾಅತಿನ ಹುಡುಗ. ತಂದೆಯಿಲ್ಲ. ಆ ದುಡ್ಡಿನಲ್ಲೇ ಅವನ ಕಾಲೇಜಿನ ಬಸ್ ಪಾಸು, ಪುಸ್ತಕ ನಡೆಯುತ್ತಿತ್ತು. ಮನೆಗಳು ಕಡಿಮೆಯಾದ ಮೇಲೆ ಏಜೆಂಟರು ಅವನ ಲೈನನ್ನು ಇನ್ನೊಬ್ಬನಿಗೆ ಸೇರಿಸಿಬಿಟ್ಟರು. ಅವನ ತಾಯಿ ನಮ್ಮಲ್ಲಿ ದೂರು ಹೇಳಲಿಲ್ಲ. ಕಿರಿಯ ಮಗಳ ಮದ್ರಸ ಫೀಸಿನ ವಿಷಯಕ್ಕೆ ಬಂದಾಗ, “ಈ ತಿಂಗಳು ಸ್ವಲ್ಪ ತಡವಾಗುತ್ತದೆ ಉಸ್ತಾದ್” ಎಂದಷ್ಟೇ ಹೇಳಿ ಹೋದರು. ಕಾರಣ ಅವರು ಹೇಳಲಿಲ್ಲ, ಆದರೆ ನಮಗೆ ಗೊತ್ತಿತ್ತು.

ಕೆಲವು ದಿನಗಳ ಬಳಿಕ, ಬಹಳ ವರ್ಷ ಪತ್ರಿಕೆಯೊಂದರಲ್ಲಿ ಪುಟ ಕಟ್ಟುವ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ಊರಿಗೆ ಬಂದಿದ್ದರು. ಅವರಿಗೆ ಆ ಕೆಂಪು ಗೆರೆಯ ಪುಟವನ್ನು ತೋರಿಸಿದೆವು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಇದು ಯಾವ ಆವೃತ್ತಿ?” ಪರಿಚಯದವರಿಂದ ಅದೇ ದಿನದ ಬೇರೆ ಎರಡು ಜಿಲ್ಲೆಗಳ ಆವೃತ್ತಿಯನ್ನು ತರಿಸಿದರು. ಒಂದರಲ್ಲಿ ಮಸೀದಿಯ ಚಿತ್ರದ ಪಕ್ಕ ಕುಡಿಯುವ ನೀರಿನ ಸುದ್ದಿ ಇತ್ತು. ಇನ್ನೊಂದರ ಮುಖಪುಟದಲ್ಲಿ ಮಸೀದಿಯ ಚಿತ್ರವೇ ಇರಲಿಲ್ಲ. ಎರಡರಲ್ಲೂ ತಲೆಬರಹಗಳ ಕ್ರಮ ಬೇರೆ, ಹಾಗಾಗಿ ಆ ಬೈಗುಳವೂ ಇರಲಿಲ್ಲ. ದರೋಡೆಯ ಸುದ್ದಿ ನಮ್ಮ ಜಿಲ್ಲೆಯದ್ದು. ಅದು ರಾತ್ರಿ ತಡವಾಗಿ ಬಂದು, ನಮ್ಮ ಆವೃತ್ತಿಯಲ್ಲಿ ಖಾಲಿ ಇದ್ದ ಜಾಗದಲ್ಲಿ ಕುಳಿತಿತ್ತು.

ಬಳಿಕ ಅವರು ದರೋಡೆಯ ಸುದ್ದಿಯನ್ನು ಗಟ್ಟಿಯಾಗಿ ಓದಿದರು. ಬಂಧಿತರಲ್ಲಿ ನಮ್ಮ ಸಮುದಾಯದವರು ಒಬ್ಬರೂ ಇರಲಿಲ್ಲ. ಪುಟದ ಗೆರೆಗಳನ್ನೆಲ್ಲ ನೋಡಿದ ನಾವು ಸುದ್ದಿಯನ್ನೇ ಓದಿರಲಿಲ್ಲ!

ಇನ್ನೊಂದು ನಷ್ಟವೂ ಆಯಿತು. ಅದೇ ಪತ್ರಿಕೆಯ ಒಳಪುಟದಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಕೊನೆಯ ದಿನಾಂಕ ಬಂದಿತ್ತು. ಪತ್ರಿಕೆ ನಿಲ್ಲಿಸಿದ್ದ ಮೂರು ಮನೆಗಳ ಮಕ್ಕಳು ಆ ದಿನವನ್ನು ತಪ್ಪಿಸಿಕೊಂಡರು.

ಹಾಗಾದರೆ ಪತ್ರಿಕೆಗಳನ್ನು ಕಣ್ಣುಮುಚ್ಚಿ ನಂಬಬೇಕೇ? ಖಂಡಿತ ಅಲ್ಲ. ಮಾಧ್ಯಮಗಳಿಂದ ನಮಗೆ ಆದ ಗಾಯ ಕಲ್ಪನೆಯದ್ದಲ್ಲ. 2020ರಲ್ಲಿ ಕೊರೋನ ಕಾಲಿಟ್ಟಾಗ ದೆಹಲಿಯ ಮರ್ಕಝ್‌ನ ಹೆಸರಿನಲ್ಲಿ ಇಡೀ ಸಮುದಾಯವನ್ನೇ ರೋಗದ ವಾಹಕರೆಂಬಂತೆ ತೋರಿಸಿದ್ದು ನಿಮಗೆ ನೆನಪಿದೆ. ತರಕಾರಿ ಗಾಡಿಯವರನ್ನು ಓಣಿಯೊಳಗೆ ಬಿಡದ ದಿನಗಳವು. ಅದೇ ವರ್ಷ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗ್‌ಗಾಗಿ ಬಂದಿದ್ದ ವಿದೇಶೀಯರ ಮೇಲಿನ ಎಫ್ಐಆರ್‌ಗಳನ್ನು ರದ್ದುಪಡಿಸಿತು. ಮುದ್ರಣ ಮತ್ತು ಟಿವಿ ಮಾಧ್ಯಮಗಳಲ್ಲಿ ಅವರ ವಿರುದ್ಧ ದೊಡ್ಡ ಅಪಪ್ರಚಾರ ನಡೆದಿತ್ತೆಂದೂ ಅವರನ್ನು ಬಲಿಪಶು ಮಾಡಲಾಯಿತೆಂದೂ ತೀರ್ಪಿನಲ್ಲಿ ಹೇಳಿತು. ಆದ್ದರಿಂದ ಎಚ್ಚರ ಬೇಕು. ಆದರೆ ಆ ಎಚ್ಚರ ಹೇಗಿರಬೇಕೆಂದು ಕಲಿಸುವುದು ನಮ್ಮ ಸಿಟ್ಟಲ್ಲ, ನಮ್ಮ ದೀನ್.

ಸೂರಃ ಅಲ್ ಹುಜುರಾತ್‌ನ 6ನೇ ವಚನದಲ್ಲಿ ಅಲ್ಲಾಹನು ಸತ್ಯವಿಶ್ವಾಸಿಗಳಿಗೆ ಒಂದು ಆಜ್ಞೆ ಕೊಟ್ಟಿದ್ದಾನೆ. ನಂಬಿಕೆಗೆ ಅರ್ಹನಲ್ಲದವನು ಸುದ್ದಿ ತಂದರೆ ಅದನ್ನು ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು. ಇಲ್ಲವಾದರೆ ತಿಳಿಯದೆ ಯಾವುದೋ ಜನರಿಗೆ ಹಾನಿ ಮಾಡಿ, ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ. ಈ ವಚನದ ಹಿನ್ನೆಲೆಯಾಗಿ ತಫ್ಸೀರ್ ಗ್ರಂಥಗಳಲ್ಲಿ ಬನೂ ಮುಸ್ತಲಿಕ್ ಗೋತ್ರದ ಘಟನೆ ಬರುತ್ತದೆ. ಝಕಾತ್ ಸಂಗ್ರಹಕ್ಕೆಂದು ಅಲ್ಲಿಗೆ ಹೊರಟವರು, ಜನರು ಎದುರುಗೊಳ್ಳಲು ಬಂದದ್ದನ್ನು ಕಂಡು ಹೆದರಿ ಹಿಂದಿರುಗಿ, ಅವರು ಝಕಾತ್ ಕೊಡಲು ಒಪ್ಪಲಿಲ್ಲವೆಂದು ವರದಿ ಮಾಡಿದರು. ವಿಚಾರಿಸದೆ ಹೋಗಿದ್ದರೆ ನಿರಪರಾಧಿಗಳ ಮೇಲೆ ಯುದ್ಧವೇ ಆಗಿಬಿಡುತ್ತಿತ್ತು.

ಇಲ್ಲಿ ಒಂದು ವಿಷಯವನ್ನು ಗಮನಿಸಿ. ಅಂಥವನ ಸುದ್ದಿಯನ್ನು ನಂಬಿ ಎಂದು ಅಲ್ಲಾಹನು ಹೇಳಲಿಲ್ಲ. ತಳ್ಳಿಬಿಡಿ ಎಂದೂ ಹೇಳಲಿಲ್ಲ. ವಿಚಾರಿಸಿ ಎಂದ. ನಾವು ನಂಬುವುದನ್ನೋ ತಳ್ಳುವುದನ್ನೋ ಮಾಡುತ್ತೇವೆ, ಏಕೆಂದರೆ ಎರಡಕ್ಕೂ ಶ್ರಮ ಬೇಡ. ವಿಚಾರಿಸಲು ಶ್ರಮ ಬೇಕು. ಮತ್ತೊಂದು ವಿಷಯ. ಪತ್ರಿಕೆಯಲ್ಲಿ ಬಂದ ಸುದ್ದಿಗೆ ಈ ಆಜ್ಞೆ ಅನ್ವಯಿಸುವಂತೆಯೇ, ಪತ್ರಿಕೆಯ ಬಗ್ಗೆ ನಮ್ಮ ಮೊಬೈಲ್‌ಗೆ ಬರುವ ಸುದ್ದಿಗೂ ಅನ್ವಯಿಸುತ್ತದೆ. ನಾವು ಎಡವಿದ್ದು ಅಲ್ಲಿ.

ವಿಚಾರಿಸುವ ಈ ವಿದ್ಯೆ ನಮಗೆ ಹೊಸದಲ್ಲ. ಹದೀಸ್ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಅದರ ಸನದ್ ಕೇಳುತ್ತಿದ್ದರು. ಯಾರಿಂದ ಕೇಳಿದಿರಿ, ಅವರು ಯಾರಿಂದ ಕೇಳಿದರು, ಆ ವ್ಯಕ್ತಿಯ ಗುಣ ಎಂಥದ್ದು, ನೆನಪಿನ ಶಕ್ತಿ ಎಂಥದ್ದು ಎಂದು ಹುಡುಕುತ್ತಿದ್ದರು. ಮೊದಲು ಹೀಗೆ ಕೇಳುವ ರೂಢಿ ಇರಲಿಲ್ಲವೆಂದೂ ಫಿತ್ನ ಎದ್ದ ಮೇಲೆ ಜನರು ವರದಿಗಾರರ ಹೆಸರು ಕೇಳತೊಡಗಿದರೆಂದೂ ಇಬ್ನು ಸೀರೀನ್(ರ) ಹೇಳಿದ್ದನ್ನು ಇಮಾಮ್ ಮುಸ್ಲಿಮ್(ರ) ತಮ್ಮ ಸಹೀಹ್‌ನ ಮುನ್ನುಡಿಯಲ್ಲಿ ದಾಖಲಿಸಿದ್ದಾರೆ. ಪತ್ರಿಕೆಗೂ ಒಂದು ಸನದ್ ಇದೆ. ಅದರ ಮಾಲಕರು ಯಾರು, ಅವರ ಬೇರೆ ವ್ಯಾಪಾರಗಳೇನು, ಯಾರ ಜಾಹೀರಾತಿನಿಂದ ಅದು ಬದುಕುತ್ತದೆ ಎಂದು ಕೇಳುವುದು ಗುಮಾನಿಯಲ್ಲ. ಅದು ಇಲ್ಮ್‌ನ ದಾರಿ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಗುಪ್ತಚರರು ಬೇಕಿಲ್ಲ. ಪ್ರತಿಯೊಂದು ಪತ್ರಿಕೆಯಲ್ಲೂ ಸಾಮಾನ್ಯವಾಗಿ ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರಗಳ ಒಂದು ಸಾಲಿರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರ ಹೆಸರು ಅಲ್ಲಿರುತ್ತದೆ. ಇದನ್ನು ಕಡ್ಡಾಯ ಮಾಡಿದ್ದು 1867ರ ಕಾಯಿದೆ. ಅದರ ಬದಲಿಗೆ ಬಂದ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಹಳೆಯ ಕಾಯಿದೆಯ ಕೆಳಗೆ 1956ರಲ್ಲಿ ಮಾಡಿದ ನಿಯಮಗಳಂತೆ, ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಪತ್ರಿಕೆಯು ತನ್ನ ಮಾಲಕರ ಹೆಸರುಗಳನ್ನೂ ಶೇ. 1ಕ್ಕಿಂತ ಹೆಚ್ಚು ಬಂಡವಾಳವುಳ್ಳ ಪಾಲುದಾರರ ಹೆಸರುಗಳನ್ನೂ ‘ಫಾರಂ 4’ ಎಂಬ ತಲೆಬರಹದಡಿ ಅಚ್ಚು ಹಾಕಬೇಕಿತ್ತು. ಊರಿನ ಗ್ರಂಥಾಲಯದಲ್ಲಿ ಹಳೆಯ ಮಾರ್ಚ್ ತಿಂಗಳ ಸಂಚಿಕೆಗಳಿದ್ದರೆ ಹೋಗಿ ನೋಡಿ. ಕಂಪೆನಿ ಶೇರುಪೇಟೆಯಲ್ಲಿದ್ದರೆ ಯಾರ ಪಾಲು ಎಷ್ಟೆಂಬುದನ್ನು ಅದು ಮೂರು ತಿಂಗಳಿಗೊಮ್ಮೆ ಬಹಿರಂಗಪಡಿಸಬೇಕು.

ಮಾಲಕತ್ವ ಕೈ ಬದಲಾಗುವುದೂ ನಮ್ಮ ಕಣ್ಣ ಮುಂದೆಯೇ. ‘ವಿಜಯ ಕರ್ನಾಟಕ’ವನ್ನು 1999ರಲ್ಲಿ ಆರಂಭಿಸಿದ್ದು ಸಾರಿಗೆ ಉದ್ಯಮಿ ವಿಜಯ ಸಂಕೇಶ್ವರ. ಅವರು ಬಿಜೆಪಿಯಿಂದ ಲೋಕಸಭಾ ಸದಸ್ಯರೂ ಆಗಿದ್ದರು. 2006ರಲ್ಲಿ ಆ ಪತ್ರಿಕೆ ಟೈಮ್ಸ್ ಸಮೂಹದ ಪಾಲಾಯಿತು. 2012ರಲ್ಲಿ ಸಂಕೇಶ್ವರರು ‘ವಿಜಯವಾಣಿ’ಯನ್ನು ಹೊರತಂದರು. ಟಿವಿಯಲ್ಲಿ 2014ರಲ್ಲಿ ನೆಟ್‌ವರ್ಕ್18 ರಿಲಯನ್ಸ್ ಹಿಡಿತಕ್ಕೂ 2022ರ ಕೊನೆಗೆ ಎನ್‌ಡಿಟಿವಿ ಅದಾನಿ ಸಮೂಹದ ಹಿಡಿತಕ್ಕೂ ಬಂದವು. ಬಂದರು, ಗಣಿ, ವಿದ್ಯುತ್ ನಡೆಸುವವರೇ ಸುದ್ದಿಯನ್ನೂ ನಡೆಸಿದರೆ ಬಂದರಿನ ಬಗ್ಗೆ, ಗಣಿಯ ಬಗ್ಗೆ ಅಲ್ಲಿ ಏನು ಬಂದೀತು, ಏನು ಬಾರದಿದ್ದೀತು ಎಂದು ಕೇಳುವುದು ಓದುಗನ ಹಕ್ಕು. 1982ರಲ್ಲಿ ವರದಿ ಕೊಟ್ಟ ಎರಡನೇ ಪತ್ರಿಕಾ ಆಯೋಗವು ಪತ್ರಿಕೆಗಳನ್ನು ಇತರ ಉದ್ಯಮಗಳಿಂದ ಬೇರ್ಪಡಿಸಬೇಕೆಂದು ಶಿಫಾರಸು ಮಾಡಿತ್ತು. ಈ ಆತಂಕ ನಮ್ಮೊಬ್ಬರದ್ದೇ ಅಲ್ಲ.

ಆದರೆ ಮಾಲಕನಿಲ್ಲದ, ಉದ್ದೇಶವಿಲ್ಲದ ಪತ್ರಿಕೆ ಯಾವತ್ತೂ ಇರಲಿಲ್ಲ ಎಂಬುದನ್ನೂ ತಿಳಿದಿರೋಣ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಅದನ್ನು ಹೊರಡಿಸಿದ್ದು ಬಾಸೆಲ್ ಮಿಶನ್, ಸಂಪಾದಕರು ಪಾದ್ರಿ ಹರ್ಮನ್ ಮೋಗ್ಲಿಂಗ್. ಮಿಶನ್‌ಗೆ ತನ್ನದೇ ಉದ್ದೇಶವಿತ್ತು. ಆದರೂ ಜುಲೈ 1ನ್ನು ಪತ್ರಿಕಾ ದಿನವಾಗಿ ಎಲ್ಲರೂ ಆಚರಿಸುತ್ತೇವೆ. ಮೌಲಾನಾ ಅಬುಲ್ ಕಲಾಮ್ ಆಝಾದ್ 1912ರಲ್ಲಿ ಕಲ್ಕತ್ತದಿಂದ ‘ಅಲ್ ಹಿಲಾಲ್’ ಹೊರಡಿಸಿದ್ದೂ ಒಂದು ಉದ್ದೇಶಕ್ಕಾಗಿಯೇ. ‘ದೆಹಲಿ ಉರ್ದು ಅಖ್ಬಾರ್’ನ ಮೌಲವಿ ಮುಹಮ್ಮದ್ ಬಾಕಿರ್ ಅವರನ್ನು 1857ರಲ್ಲಿ ಬ್ರಿಟಿಷರು ಕೊಂದದ್ದು ಅವರ ಲೇಖನಿಗೂ ಒಂದು ಪಕ್ಷವಿತ್ತೆಂಬ ಕಾರಣಕ್ಕೆ. ಈ ತಿಂಗಳ ಪತ್ರಿಕೆಗೂ ಒಂದು ಉದ್ದೇಶವಿದೆ. ಉದ್ದೇಶ ಇರುವುದೇ ಅಪರಾಧವಲ್ಲ. ಅದನ್ನು ತಿಳಿದುಕೊಂಡು ಓದಬೇಕು, ಅಷ್ಟೆ.

ಸನದ್ ದುರ್ಬಲವಾಗಿದ್ದರೆ ಆ ವರದಿಯನ್ನು ಹದೀಸ್ ವಿದ್ವಾಂಸರು ‘ಝಈಫ್’ ಎನ್ನುತ್ತಾರೆ. ಕಟ್ಟುಕತೆಯೆಂದು ಖಚಿತವಾದರೆ ಮಾತ್ರ ‘ಮೌಝೂಅ್’ ಎನ್ನುತ್ತಾರೆ. ಎರಡನ್ನೂ ಒಂದೇ ಎನ್ನುವುದಿಲ್ಲ. ಬುಖಾರಿಯಲ್ಲಿ ವರದಿಯಾದ ಅಬೂ ಹುರೈರಾ(ರ)ರ ಘಟನೆ ನಿಮಗೆ ಗೊತ್ತು. ರಮಝಾನಿನ ಝಕಾತ್ ಧಾನ್ಯ ಕಾಯುತ್ತಿದ್ದಾಗ ಮೂರು ರಾತ್ರಿ ಕಳ್ಳನೊಬ್ಬ ಬಂದ. ಕೊನೆಗೆ ಬಿಡಿಸಿಕೊಳ್ಳಲು, ಮಲಗುವ ಮೊದಲು ಆಯತುಲ್ ಕುರ್ಸಿ ಓದಿದರೆ ರಕ್ಷಣೆ ಸಿಗುತ್ತದೆಂದು ಹೇಳಿಕೊಟ್ಟ. ಅವನು ಶೈತಾನನಾಗಿದ್ದ. ಪ್ರವಾದಿ(ಸ)ಯವರು ಅವನನ್ನು ಸುಳ್ಳುಗಾರನೆಂದರು, ಆದರೆ ಈ ಮಾತನ್ನು ಮಾತ್ರ ಅವನು ಸತ್ಯವಾಗಿ ಹೇಳಿದನೆಂದೂ ತಿಳಿಸಿದರು. ಹೇಳಿದವನನ್ನು ಅಳೆಯುವುದು ಒಂದು, ಹೇಳಿದ ಮಾತನ್ನು ಅಳೆಯುವುದು ಇನ್ನೊಂದು.

ಇದಕ್ಕೆ ನಮ್ಮದೇ ಕಾಲದ ಒಂದು ಉದಾಹರಣೆಯಿದೆ. ಬೆಂಗಳೂರಿನ ಡಾ. ಮುಹಮ್ಮದ್ ಹನೀಫ್ ಆಸ್ಟ್ರೇಲಿಯಾದ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ವೈದ್ಯರಾಗಿದ್ದರು. 2007ರ ಜುಲೈ 2ರಂದು, ಹೆಂಡತಿಯನ್ನೂ ಆಗಷ್ಟೇ ಹುಟ್ಟಿದ ಮಗಳನ್ನೂ ನೋಡಲು ಬೆಂಗಳೂರಿಗೆ ಹೊರಟಿದ್ದ ಅವರನ್ನು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಅದಕ್ಕೆ ಎರಡು ದಿನ ಮೊದಲು ಗ್ಲಾಸ್ಗೋ ವಿಮಾನ ನಿಲ್ದಾಣದ ಮೇಲೆ ದಾಳಿಯಾಗಿತ್ತು. ಬ್ರಿಟನ್ ಬಿಡುವಾಗ ಹನೀಫರು ಸಂಬಂಧಿಯೊಬ್ಬನಿಗೆ ಬಿಟ್ಟುಬಂದ ಸಿಮ್ ಕಾರ್ಡೇ ಅವರ ಮೇಲಿನ ಆರೋಪಕ್ಕೆ ಮೂಲ. ಅವರ ಕೈಯಲ್ಲಿದ್ದುದು ಒಂದೇ ಕಡೆಯ ಟಿಕೆಟ್. ಸಂಶಯಪಡುವವರಿಗೆ ಅದರಲ್ಲೂ ಗುಟ್ಟು ಕಂಡಿತು. ಉರಿದ ಜೀಪಿನಲ್ಲೇ ಆ ಸಿಮ್ ಸಿಕ್ಕಿತೆಂದು ನ್ಯಾಯಾಲಯಕ್ಕೆ ಹೇಳಲಾಯಿತು. ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಅವರ ಹೆಸರು ಬಂತು.

ಸತ್ಯ ಹೊರಬಂದದ್ದು ಹೇಗೆ? ಪೊಲೀಸರು ಹನೀಫರನ್ನು ವಿಚಾರಣೆ ಮಾಡಿದ ದಾಖಲೆಯನ್ನು ಅವರ ವಕೀಲರು ‘ದಿ ಆಸ್ಟ್ರೇಲಿಯನ್’ ಪತ್ರಿಕೆಗೆ ಕೊಟ್ಟರು. ಆ ಪತ್ರಿಕೆ ಅದನ್ನು ಪ್ರಕಟಿಸಿತು. ಪೊಲೀಸರು ಹೇಳಿದ್ದಕ್ಕೂ ದಾಖಲೆಯಲ್ಲಿದ್ದುದಕ್ಕೂ ಇದ್ದ ವ್ಯತ್ಯಾಸ ಜನರಿಗೆ ಕಂಡಿತು. ಸಿಮ್ ಸಿಕ್ಕಿದ್ದು ಗ್ಲಾಸ್ಗೋದ ಜೀಪಿನಲ್ಲಲ್ಲ, ದೂರದ ಲಿವರ್‌ಪೂಲ್‌ನಲ್ಲಿ ಎಂಬುದನ್ನು ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿ ಬಯಲು ಮಾಡಿತು. ಜುಲೈ 27ರಂದು ಆರೋಪ ಕೈಬಿಡಲಾಯಿತು. ಸರಕಾರ ನೇಮಿಸಿದ ತನಿಖೆಯು 2008ರಲ್ಲಿ ಹನೀಫರ ವಿರುದ್ಧದ ಸಾಕ್ಷ್ಯ ಏನೇನೂ ಸಾಲದು ಎಂದು ವರದಿ ಕೊಟ್ಟಿತು. 2010ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾ ಕ್ಷಮೆ ಕೇಳಿ ಪರಿಹಾರ ನೀಡಿತು.

‘ದಿ ಆಸ್ಟ್ರೇಲಿಯನ್’ ಯಾರ ಪತ್ರಿಕೆ? ರೂಪರ್ಟ್ ಮುರ್ಡೋಕ್ ಸಮೂಹದ್ದು. ಜಗತ್ತಿನ ದೊಡ್ಡ ಮಾಧ್ಯಮ ಒಡೆತನಗಳಲ್ಲೊಂದು, ಮುಸ್ಲಿಮರು ಬಹಳ ಸಂಶಯದಿಂದ ನೋಡುವಂಥದ್ದು. ಆ ಪತ್ರಿಕೆಯ ಹೆಡ್ಲಿ ಥಾಮಸ್ ಎಂಬ ವರದಿಗಾರ ಈ ವರದಿಗಾಗಿ ಆ ದೇಶದ ಪತ್ರಿಕೋದ್ಯಮದ ಅತಿ ದೊಡ್ಡ ಪ್ರಶಸ್ತಿ ಪಡೆದರು. ಮಾಲಕ ಇಂಥವನು, ಆದ್ದರಿಂದ ಅವನ ಪತ್ರಿಕೆಗೆ ಏನನ್ನೂ ಕೊಡಬಾರದು ಎಂದು ಹನೀಫರ ವಕೀಲರು ಕುಳಿತಿದ್ದರೆ? ಹಾಗೆಂದು ಆ ಸಮೂಹ ಬರೆದದ್ದೆಲ್ಲ ಸರಿ ಎಂದು ನಾವು ಹೇಳುತ್ತಿಲ್ಲ. ಪ್ರತಿ ಸುದ್ದಿಯನ್ನೂ ಅದರ ಸಾಕ್ಷ್ಯದಿಂದ ಅಳೆಯಬೇಕು ಎನ್ನುತ್ತಿದ್ದೇವೆ. ಇನ್ನೊಂದು ಮಾತು. ಟಿಕೆಟಿನಲ್ಲೂ ಸಿಮ್‌ನಲ್ಲೂ ಗುಟ್ಟು ಹುಡುಕಿ ನಮ್ಮ ಒಬ್ಬ ಸಹೋದರನನ್ನು ಜೈಲಿಗೆ ಹಾಕಿದರಲ್ಲ, ತಲೆಬರಹದ ಮೊದಲ ಅಕ್ಷರಗಳಲ್ಲಿ ಗುಟ್ಟು ಹುಡುಕಿದ ನಾವು ಅವರಿಗಿಂತ ಹೇಗೆ ಬೇರೆ?

ಈಗ ಪುಟದ ವಿಷಯಕ್ಕೆ ಬರೋಣ. ಪುಟದ ಜೋಡಣೆಯಲ್ಲಿ ಸಂದೇಶವೇ ಇಲ್ಲವೇ? ಇದೆ. ಆದರೆ ಅದು ಅಡಗಿಲ್ಲ. ಆ ಹಿರಿಯರು ನಮಗೆ ವಿವರಿಸಿದ್ದು ಹೀಗೆ. ಪುಟಕ್ಕೆ ಮೊದಲು ಬಂದು ಕೂರುವುದು ಸುದ್ದಿಯಲ್ಲ, ಜಾಹೀರಾತು. ಅದು ಬಿಟ್ಟ ಜಾಗವೇ ಸುದ್ದಿಗೆ. ನಾವು ಕೊಡುವ ಐದಾರು ರೂಪಾಯಿಯಲ್ಲಿ ಪತ್ರಿಕೆ ನಡೆಯುವುದಿಲ್ಲ, ಹೆಚ್ಚಿನ ಭಾರ ಹೊರುವುದು ಜಾಹೀರಾತು. ಉಳಿದ ಜಾಗದಲ್ಲಿ ಯಾವುದು ಮುಖಪುಟಕ್ಕೆ, ಯಾವುದು ಏಳನೇ ಪುಟಕ್ಕೆ, ಯಾವುದಕ್ಕೆ ಐದು ಕಾಲಂ, ಯಾವುದಕ್ಕೆ ಒಂದು ಎಂದು ಡೆಸ್ಕಿನಲ್ಲಿ ಕುಳಿತವರು ಗಡಿಯಾರ ನೋಡುತ್ತಾ ತೀರ್ಮಾನಿಸುತ್ತಾರೆ. ಆ ತೀರ್ಮಾನದಲ್ಲಿ ಅವರ ಅಭ್ಯಾಸ, ಮಾಲಕರ ಇಷ್ಟಾನಿಷ್ಟ, ಊರಿನ ಪೂರ್ವಾಗ್ರಹ ಎಲ್ಲವೂ ಸೇರಿಕೊಳ್ಳಬಹುದು. ಅದು ಎಲ್ಲರಿಗೂ ಕಾಣುವಂತೆ ಅಚ್ಚಾಗಿಯೇ ಇರುತ್ತದೆ.

ಒಬ್ಬ ಯುವಕನ ಬಂಧನ ಮುಖಪುಟದಲ್ಲಿ ಚಿತ್ರಸಹಿತ ಬಂದು, ವರ್ಷಗಳ ಬಳಿಕ ಅವನ ಬಿಡುಗಡೆ ಒಳಪುಟದ ಮೂಲೆಯಲ್ಲಿ ಬಂದರೆ ಅದೇ ಸಂದೇಶ. ಆರೋಪಿಯನ್ನು ತೀರ್ಪಿಗೆ ಮೊದಲೇ ‘ಉಗ್ರ’ ಎಂದರೆ ಅದೇ ಸಂದೇಶ. ಒಬ್ಬ ಕಳ್ಳನ ಧರ್ಮ ತಲೆಬರಹದಲ್ಲಿ ಬಂದು, ಇನ್ನೊಬ್ಬ ಕಳ್ಳನ ಧರ್ಮ ಎಲ್ಲೂ ಬಾರದಿದ್ದರೆ ಅದೇ ಸಂದೇಶ. ಇದನ್ನು ಓದಲು ಕೆಂಪು ಗೆರೆ ಬೇಡ, ಅಕ್ಷರ ಕೂಡಿಸುವುದು ಬೇಡ. ಒಂದು ನೋಟ್ ಪುಸ್ತಕ ಸಾಕು. ಒಂದು ತಿಂಗಳು ದಿನಾ ದಿನಾಂಕ, ಪುಟ, ಕಾಲಂ ಬರೆದಿಡಿ. ತಿಂಗಳ ಕೊನೆಗೆ ನಿಮ್ಮ ಸಂಶಯ ಸರಿಯಾಗಿದ್ದರೆ ಕೈಯಲ್ಲಿ ಪುರಾವೆ ಇರುತ್ತದೆ. ತಪ್ಪಾಗಿದ್ದರೆ ಒಂದು ಗುನಾಹ್‌ನಿಂದ ಬಚಾವಾಗುತ್ತೀರಿ.

ಅಡಗಿದ ಸಂದೇಶದ ಬೆನ್ನು ಹತ್ತಿದವರ ಕತೆ ಹಳೆಯದು. ಕೋಕಾ ಕೋಲಾದ ಹೆಸರನ್ನು ಕನ್ನಡಿಯಲ್ಲಿ ನೋಡಿದರೆ ಇಸ್ಲಾಮಿಗೆ ನಿಂದೆಯಾಗುವ ಅರಬಿ ವಾಕ್ಯ ಕಾಣುತ್ತದೆಂದು ಹಿಂದೊಮ್ಮೆ ಮುಸ್ಲಿಮ್ ಜಗತ್ತಿನಲ್ಲಿ ಹರಡಿತ್ತು. ನಿಮ್ಮಲ್ಲಿ ಹಲವರು ಆ ಚೀಟಿಯನ್ನು ನೋಡಿರಬಹುದು. 2000ದಲ್ಲಿ ಈಜಿಪ್ಟಿನ ಮುಫ್ತಿಯವರು ಪರಿಶೀಲಿಸಿ, ಅದರಲ್ಲಿ ಇಸ್ಲಾಮಿಗೆ ನಿಂದೆಯಿಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು. ಆ ಹೆಸರನ್ನು 1886ರಲ್ಲಿ ಅಮೆರಿಕದ ಅಟ್ಲಾಂಟದಲ್ಲಿ ಇಂಗ್ಲಿಷ್ ಕೈಬರಹದಲ್ಲಿ ಬರೆದದ್ದು. ಯಾವುದೇ ಅಕ್ಷರವನ್ನು ತಿರುಗಿಸಿ, ಕತ್ತರಿಸಿ, ಕೂಡಿಸಿ ನೋಡಿದರೆ ನಮ್ಮ ಮನಸ್ಸಿನಲ್ಲಿ ಇದ್ದದ್ದೇ ಅದರಲ್ಲಿ ಕಾಣುತ್ತದೆ.

ಪಕ್ಕಪಕ್ಕ ಕಂಡ ಎರಡು ವಿಷಯಗಳಿಗೆ ಅರ್ಥ ಕಟ್ಟುವುದು ಎಷ್ಟು ಅಪಾಯವೆಂದು ತಿಳಿಯಲು ಇಫ್ಕ್‌ನ ಘಟನೆ ಸಾಕು. ಉಮ್ಮುಲ್ ಮುಅ್ಮಿನೀನ್ ಆಯಿಶಾ(ರ) ಕಳೆದುಹೋದ ಹಾರ ಹುಡುಕುತ್ತಾ ಪ್ರಯಾಣದಲ್ಲಿ ಹಿಂದುಳಿದರು. ಸಫ್ವಾನ್(ರ) ಅವರನ್ನು ತಮ್ಮ ಒಂಟೆಯ ಮೇಲೆ ಕೂರಿಸಿ, ತಾವು ಹಗ್ಗ ಹಿಡಿದು ನಡೆದು ಕರೆತಂದರು. ಜನರು ಕಂಡದ್ದು ಅಷ್ಟೇ. ಉಳಿದದ್ದನ್ನು ಕಪಟಿ ನಾಲಗೆಗಳು ಸೇರಿಸಿದವು. ಒಳ್ಳೆಯ ಮುಸ್ಲಿಮರಲ್ಲೂ ಕೆಲವರು ಅದನ್ನು ಬಾಯಿಂದ ಬಾಯಿಗೆ ದಾಟಿಸಿದರು. ಪ್ರವಾದಿ(ಸ)ಯವರ ಮನೆ ಸುಮಾರು ಒಂದು ತಿಂಗಳು ದುಃಖದಲ್ಲಿ ಮುಳುಗಿತು. ಕೊನೆಗೆ ಸೂರಃ ಅನ್ನೂರ್‌ನ ವಚನಗಳು ಅವತೀರ್ಣಗೊಂಡು ಆ ತಾಯಿಯ ನಿರ್ದೋಷವನ್ನು ಸಾರಿದವು. ಕೇಳಿದ ಕೂಡಲೇ ಒಳ್ಳೆಯದನ್ನೇ ಏಕೆ ಭಾವಿಸಲಿಲ್ಲ, ಸಾಕ್ಷಿಗಳನ್ನು ಏಕೆ ತರಲಿಲ್ಲ ಎಂದು ಅಲ್ಲಾಹನು ಪ್ರಶ್ನಿಸಿದ.

ಸೂರಃ ಅಲ್ ಹುಜುರಾತ್‌ನ 12ನೇ ವಚನದಲ್ಲಿ ಹೆಚ್ಚಿನ ಗುಮಾನಿಗಳಿಂದ ದೂರವಿರಲು ಆಜ್ಞೆಯಿದೆ, ಕೆಲವು ಗುಮಾನಿಗಳು ಪಾಪ ಎಂಬ ಎಚ್ಚರಿಕೆಯಿದೆ. ಕೇಳಿದ್ದನ್ನೆಲ್ಲ ಹೇಳುತ್ತಾ ಹೋಗುವುದೇ ಒಬ್ಬನನ್ನು ಸುಳ್ಳುಗಾರನನ್ನಾಗಿಸಲು ಸಾಕು ಎಂಬ ಅರ್ಥದ ಪ್ರವಾದಿ(ಸ) ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ಇಂದು ‘ಫಾರ್ವರ್ಡ್’ ಗುಂಡಿ ಒತ್ತುವ ನಮ್ಮ ಹೆಬ್ಬೆರಳೂ ಈ ಎಚ್ಚರಿಕೆಯೊಳಗೆ ಬರುತ್ತದೆ. ಡೆಸ್ಕಿನಲ್ಲಿ ರಾತ್ರಿ ಪುಟ ಕಟ್ಟುವ ವ್ಯಕ್ತಿಗೂ ಒಂದು ಮಾನವಿದೆ. ಪುರಾವೆಯಿಲ್ಲದೆ ಅವನ ಮನಸ್ಸಿನಲ್ಲಿ ಇಂಥದ್ದಿತ್ತು ಎನ್ನುವುದು ಬುಹ್ತಾನ್. ಅವನು ಬೇರೆ ಧರ್ಮದವನೆಂಬ ಕಾರಣಕ್ಕೆ ಅದು ಹಲಾಲ್ ಆಗುವುದಿಲ್ಲ. ಒಂದು ಜನಾಂಗದ ಮೇಲಿನ ದ್ವೇಷ ನಮ್ಮನ್ನು ನ್ಯಾಯದಿಂದ ಸರಿಸಬಾರದೆಂದು ಸೂರಃ ಅಲ್ ಮಾಇದಃದ 8ನೇ ವಚನ ಕಲಿಸುತ್ತದೆ.

ಇನ್ನು ನಾವು ಮಾಡಬೇಕಾದದ್ದೇನು?

ಮೊದಲನೆಯದಾಗಿ, ಯಾವ ಪತ್ರಿಕೆಯ ಬಗ್ಗೆ ಚಿತ್ರ ಬಂದರೂ ಮೂರು ಪ್ರಶ್ನೆ ಕೇಳಿ. ಇದು ಯಾವ ದಿನದ್ದು, ಯಾವ ಆವೃತ್ತಿಯದ್ದು? ಆ ಸುದ್ದಿಯನ್ನು ನಾನು ಪೂರ್ತಿ ಓದಿದ್ದೇನೆಯೇ? ಇದನ್ನು ಕಳುಹಿಸಿದವರು ಯಾರಿಂದ ಪಡೆದರು? ಉತ್ತರವಿಲ್ಲದಿದ್ದರೆ ಅದು ನಿಮ್ಮ ಮೊಬೈಲ್‌ನಲ್ಲೇ ನಿಲ್ಲಲಿ.

ಎರಡನೆಯದಾಗಿ, ಸಾಧ್ಯವಿದ್ದವರು ಬೇರೆ ಬೇರೆ ಮಾಲಕರ ಎರಡು ಪತ್ರಿಕೆ ಓದಿ. ಒಂದೇ ಘಟನೆ ಎರಡರಲ್ಲೂ ಹೇಗೆ ಬಂದಿದೆ ಎಂದು ಮಕ್ಕಳೊಂದಿಗೆ ಕುಳಿತು ಹೋಲಿಸಿ. ನಮ್ಮ ಮಸೀದಿಯ ಓದುವ ಕೋಣೆಯಲ್ಲಿ ಈಗ ಎರಡು ಪತ್ರಿಕೆ ಬರುತ್ತವೆ. ಅವುಗಳಲ್ಲೊಂದು ನಾವು ಅಂದು ಬೇಡವೆಂದ ಪತ್ರಿಕೆ.

ಮೂರನೆಯದಾಗಿ, ನಿಜವಾಗಿ ತಪ್ಪು ವರದಿ ಬಂದರೆ ಸುಮ್ಮನಿರಬೇಡಿ. ಗುಂಪಿನಲ್ಲಿ ಬೈದರೆ ಯಾರಿಗೂ ತಲುಪುವುದಿಲ್ಲ. ಮೊದಲು ಸಂಪಾದಕರಿಗೆ ಸೌಜನ್ಯದಿಂದ ಪತ್ರ ಬರೆಯಿರಿ. ದಿನಾಂಕ, ಪುಟ, ತಪ್ಪಾದ ವಾಕ್ಯ, ಸರಿಯಾದ ಸಂಗತಿ, ಅದಕ್ಕೆ ಪುರಾವೆ ಇರಲಿ. ಉತ್ತರ ಸಮಾಧಾನ ತರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ದಿನಪತ್ರಿಕೆಯಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ಹೋಗಬೇಕು. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ, ಎಚ್ಚರಿಸುವ, ಖಂಡಿಸುವ ಅಧಿಕಾರವಿದೆ. ದೂರು ಬರೆಯಲು ಬಾರದವರು ನಮ್ಮ ಬಳಿ ಬನ್ನಿ, ಕೂತು ಬರೆಯೋಣ.

ನಾಲ್ಕನೆಯದಾಗಿ, ನಮ್ಮ ಮಕ್ಕಳು ಆ ಡೆಸ್ಕಿನಲ್ಲೂ ಕೂರಲಿ. ಡಾಕ್ಟರ್, ಇಂಜಿನಿಯರ್ ಎಂದಷ್ಟೇ ಕನಸು ಕಾಣದೆ, ಕನ್ನಡ ಚೆನ್ನಾಗಿ ಬರೆಯುವ ಮಗ ಅಥವಾ ಮಗಳಿದ್ದರೆ ಪತ್ರಿಕೋದ್ಯಮ ಕಲಿಸಿ. ಅಲ್ಲಿ ಅವರು ನಮ್ಮ ಪರವಾಗಿ ಬರೆಯಬೇಕಿಲ್ಲ. ಸತ್ಯವನ್ನು ಬರೆದರೆ ಸಾಕು.

ಕೊನೆಯದಾಗಿ ಒಂದು ಮಾತು. ಮಿಂಬರಿನಿಂದ ಮಾಡಿದ ತಪ್ಪನ್ನು ಮಿಂಬರಿನಿಂದಲೇ ತಿದ್ದಬೇಕು. ಆ ಹುಡುಗನ ಮನೆಗೆ ಹೋಗಿ ಅವನಲ್ಲೂ ಅವನ ತಾಯಿಯಲ್ಲೂ ನಾವು ಕ್ಷಮೆ ಕೇಳಿದ್ದೇವೆ. ತಾಯಿ ಚಹಾ ಕೊಟ್ಟು, “ನೀವು ಬಂದಿರಲ್ಲ ಉಸ್ತಾದ್, ಅಷ್ಟು ಸಾಕು” ಎಂದರು. ಆದರೆ ಅಷ್ಟು ಸಾಲದು. ಏಜೆಂಟರೊಂದಿಗೆ ಮಾತಾಡಿದ್ದೇವೆ, ಮನೆಗಳು ಸಿಕ್ಕಿದರೆ ಲೈನನ್ನು ಮತ್ತೆ ಅವನಿಗೇ ಕೊಡಲು ಅವರು ಒಪ್ಪಿದ್ದಾರೆ. ನಮಾಝ್ ಮುಗಿದ ಮೇಲೆ ಅವನು ಗೇಟಿನ ಬಳಿ ಒಂದು ಪುಸ್ತಕ ಹಿಡಿದು ನಿಂತಿರುತ್ತಾನೆ. ಯಾವ ಪತ್ರಿಕೆ ಬೇಕೆಂಬುದು ನಿಮ್ಮ ಇಷ್ಟ. ನಮ್ಮ ಮಾತು ಕೇಳಿ ನಿಲ್ಲಿಸಿದವರು ದಯವಿಟ್ಟು ಹೆಸರು ಬರೆಸಿ ಹೋಗಿ.

ಅಲ್ಲಾಹನು ನಮಗೆ ಸತ್ಯವನ್ನು ಸತ್ಯವಾಗಿ ತೋರಿಸಿ ಅದನ್ನು ಅನುಸರಿಸುವ ಭಾಗ್ಯ ನೀಡಲಿ. ಮಿಥ್ಯವನ್ನು ಮಿಥ್ಯವಾಗಿ ತೋರಿಸಿ ಅದರಿಂದ ದೂರವಿರುವ ಶಕ್ತಿ ನೀಡಲಿ. ನಮ್ಮ ನಾಲಗೆಯಿಂದ, ಬೆರಳಿನಿಂದ ಯಾರಿಗೆಲ್ಲ ನೋವಾಗಿದೆಯೋ ಅವರ ಹಕ್ಕನ್ನು ಈ ಲೋಕದಲ್ಲೇ ತೀರಿಸುವ ತೌಫೀಕ್ ನೀಡಲಿ. ಆಮೀನ್.